ಅವಸರದ ವಿಮಾನವೂ ಅಗ್ಗದ ಟಿಕೆಟ್ಟೂ



ಲೋಕದಲ್ಲಿ ಬೆಲೆಯೆಂಬುದು ಎರಡು ವಿಧವಾಗಿ ಹುಟ್ಟುತ್ತದೆ. ವಸ್ತುವಿಗೆ ತಗಲಿದ ಖರ್ಚಿನಿಂದ ಹುಟ್ಟುವುದು ಒಂದು; ಕೊಳ್ಳುವವನ ಅಗತ್ಯವನ್ನು ನೋಡಿ ಹುಟ್ಟುವುದು ಮತ್ತೊಂದು. ಮೊದಲನೆಯದನ್ನು ನಮ್ಮ ಹಳ್ಳಿಗರು ಚೆನ್ನಾಗಿ ಬಲ್ಲರು. ಎರಡನೆಯದರ ಸ್ವಭಾವವನ್ನು ಅರಿಯದೆ ಅವಸರದ ಸಮಯದಲ್ಲಿ ಸಾಲಕ್ಕೆ ಬೀಳುವ ಮನೆಗಳು ಎಷ್ಟೋ ಉಂಟು. ಆದಕಾರಣ ಈ ತಿಂಗಳು ವಿಮಾನದ ಟಿಕೆಟ್ಟಿನ ವಿಚಾರವನ್ನು ಎತ್ತಿಕೊಂಡಿದ್ದೇನೆ.

ಶಿರವಾಳದಂಥ ಊರಿಗೂ ವಿಮಾನಕ್ಕೂ ಏನು ಸಂಬಂಧವೆಂದು ಕೇಳುವ ಕಾಲ ಕಳೆದುಹೋಯಿತು. ಈ ಸೀಮೆಯ ಮಕ್ಕಳು ಬೆಂಗಳೂರು, ಹೈದರಾಬಾದು, ಮುಂಬಯಿಗಳಲ್ಲಿ ಮಾತ್ರವಲ್ಲದೆ ದಿಲ್ಲಿಯಲ್ಲಿಯೂ ಸಮುದ್ರದಾಚೆಯೂ ದುಡಿಯುತ್ತಿದ್ದಾರೆ. ಊರಿನಲ್ಲಿ ತಂದೆಗೋ ತಾಯಿಗೋ ರೋಗವು ಬಲವಾದೊಡನೆ ಮನೆಯವರ ಬಾಯಿಂದ ಬರುವ ಮೊದಲನೆಯ ಮಾತು, "ಸರ, ನಾಳಿನ ವಿಮಾನಕ್ಕ ಸಸ್ತಾ ಟಿಕೇಟು ಸಿಗ್ತದೇನ್ರಿ?" ಎಂಬುದು. ಕೊನೆಯ ಗಳಿಗೆಯಲ್ಲಿ ಖಾಲಿ ಉಳಿದ ಆಸನಗಳನ್ನು ವಿಮಾನದವರು ಬಂದಷ್ಟಕ್ಕೆ ಕೊಟ್ಟುಬಿಡುತ್ತಾರೆಂಬ ನಂಬಿಕೆಯು ಈ ಪ್ರಶ್ನೆಯ ಒಳಗೆ ಅಡಗಿರುತ್ತದೆ.

ಈ ನಂಬಿಕೆಯು ಸಂತೆಯಿಂದ ಬಂದುದು. ಬೆಳಿಗ್ಗೆ ನಲವತ್ತು ರೂಪಾಯಿಗೆ ಮಾರಿದ ಬದನೆಕಾಯಿಯನ್ನು ಸಾಯಂಕಾಲ ದೀಪ ಹಚ್ಚುವ ಹೊತ್ತಿಗೆ ಇಪ್ಪತ್ತಕ್ಕೆ ಸುರಿದುಕೊಡುತ್ತಾರೆ. ಮರುದಿನಕ್ಕೆ ಅದು ಬಾಡಿಹೋಗುವುದಷ್ಟೆ! ವಿಮಾನದ ಆಸನವೂ ಬಾಡುವ ಪದಾರ್ಥವೇ. ವಿಮಾನವು ನೆಲವನ್ನು ಬಿಟ್ಟಮೇಲೆ ಖಾಲಿ ಆಸನಕ್ಕೆ ಕವಡೆಯ ಬೆಲೆಯೂ ಇಲ್ಲ. ಹಾಗಿದ್ದರೂ ಅಲ್ಲಿ ಬೆಲೆಯು ಸಾಯಂಕಾಲಕ್ಕೆ ಇಳಿಯುವ ಬದಲು ಏರುತ್ತದೆ. ಏಕೆ? ಸಂತೆಗೆ ಸಾಯಂಕಾಲ ಬರುವವನು ಮಿತವ್ಯಯಿ. ಬದನೆ ಸಿಗದಿದ್ದರೆ ಬೇಳೆಸಾರಿನಲ್ಲಿ ಉಂಡು ಮಲಗುವವನು. ವಿಮಾನದ ಕಡೆಯ ದಿನಕ್ಕೆ ಬರುವವನಾದರೋ ಹೋಗದೆ ವಿಧಿಯಿಲ್ಲದವನು. ಒಬ್ಬನಿಗೆ ವ್ಯಾಪಾರದ ತುರ್ತು, ಮತ್ತೊಬ್ಬನಿಗೆ ಮೃತ್ಯುವಿನ ತುರ್ತು. ಮಾರುವವನಿಗೆ ಇವರಿಬ್ಬರ ಭೇದವು ತಿಳಿಯದು. ತಿಳಿಯುವುದು ತುರ್ತು ಮಾತ್ರ.

ಈ ಲೆಕ್ಕವನ್ನು 1972ರಲ್ಲಿ ಬ್ರಿಟನ್ನಿನ ಬಿ.ಓ.ಎ.ಸಿ. ಎಂಬ ವಿಮಾನಸಂಸ್ಥೆಯ ಕೆನ್ ಲಿಟಲ್‌ವುಡ್ ಎಂಬಾತನು ಒಂದು ಸೂತ್ರವಾಗಿ ಕಟ್ಟಿದನು. ಅದರ ಸಾರವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಇಂದು ಒಬ್ಬನು 3,000 ರೂಪಾಯಿಗೆ ಆಸನವನ್ನು ಕೇಳುತ್ತಿದ್ದಾನೆ. ಕಾದರೆ ಕಡೆಯ ದಿನ ಮತ್ತೊಬ್ಬನು 9,000 ಕೊಡಬಹುದು. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಾಗಿ ಆ ಎರಡನೆಯವನು ಬರುವ ಸಂಭವವಿದ್ದರೆ ಆಸನವನ್ನು ಇಂದು ಮಾರದೆ ಅವನಿಗಾಗಿ ಕಾದಿರಿಸುವುದೇ ಲಾಭ. ಅಂಕಗಣಿತದ ಮಟ್ಟಿಗೆ ಇದು ಹೈಸ್ಕೂಲಿನ ಹುಡುಗರಿಗೂ ಎಟುಕುವಂಥದು. ಇದರ ಮೇಲೆಯೇ ಇಂದಿನ ಗಣಕಯಂತ್ರಗಳು ಒಂದೇ ವಿಮಾನದ ಒಂದೇ ಬಗೆಯ ಆಸನಗಳನ್ನು ಹಲವು ಬೆಲೆಯ ಮೆಟ್ಟಿಲುಗಳಾಗಿ ವಿಂಗಡಿಸುತ್ತವೆ. ಕೆಳಗಿನ ಮೆಟ್ಟಿಲಿನ ಆಸನಗಳು ತೀರಿದ ಬಳಿಕ ಮೇಲಿನ ಮೆಟ್ಟಿಲು ತೆರೆಯುತ್ತದೆ. ಪಕ್ಕಪಕ್ಕದಲ್ಲಿ ಕುಳಿತ ಇಬ್ಬರಲ್ಲಿ ಒಬ್ಬನು ಮತ್ತೊಬ್ಬನ ಮೂರರಷ್ಟು ಹಣವನ್ನು ತೆತ್ತಿರುವುದು ಈ ಕಾರಣದಿಂದಲೇ.

ಅವಸರಕ್ಕೆ ಬೆಲೆ ಕಟ್ಟುವುದು ಹೊಸ ಪದ್ಧತಿಯೇನೂ ಅಲ್ಲ. ನಮ್ಮ ದೇಶದಲ್ಲಿ 2013ರ ಜುಲೈಯಲ್ಲಿ ನಿಂತುಹೋದ ತಂತಿಯ ವ್ಯವಸ್ಥೆಯಲ್ಲಿಯೂ ಸಾಧಾರಣ ತಂತಿಗೆ ಒಂದು ದರ, ತುರ್ತು ತಂತಿಗೆ ಅದಕ್ಕಿಂತ ಹೆಚ್ಚಿನ ದರವಿದ್ದಿತು. ಆದರೆ ಆ ದರಗಳು ಗೋಡೆಯ ಮೇಲೆ ಬರೆದಿಟ್ಟ ದರಗಳು. ವಿಮಾನದ ವಿಷಯದಲ್ಲಿಯೂ ಬಹುಕಾಲ ಹೀಗೆಯೇ ಇದ್ದಿತು. 1953ರಲ್ಲಿ ವಿಮಾನಸಂಸ್ಥೆಗಳು ರಾಷ್ಟ್ರದ ಸ್ವಾಧೀನವಾದುವು. ಆ ಕಾನೂನು 1994ರಲ್ಲಿ ರದ್ದಾಗಿ ಖಾಸಗಿಯವರಿಗೆ ಬಾಗಿಲು ಪೂರ್ತಿ ತೆರೆಯಿತು. 2003ರ ಆಗಸ್ಟಿನಲ್ಲಿ, ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಗೋಪಿನಾಥರು ಏರ್ ಡೆಕ್ಕನ್ ಸಂಸ್ಥೆಯ ಮೂಲಕ ಅಗ್ಗದ ವಿಮಾನವನ್ನು ನಾಡಿಗೆ ತಂದರು. ಒಂದು ರೂಪಾಯಿಯ ಟಿಕೆಟ್ಟೆಂಬ ಸುದ್ದಿಯು ಆಗ ಮನೆಮನೆಗೂ ಹಬ್ಬಿತು. ಆ ಸಂಸ್ಥೆಯು ಮುಂದೆ ಕಿಂಗ್‌ಫಿಷರಿನಲ್ಲಿ ಲೀನವಾಯಿತು. ಕಿಂಗ್‌ಫಿಷರೂ 2012ರಲ್ಲಿ ಹಾರಾಟವನ್ನು ನಿಲ್ಲಿಸಿತು. ಸಂಸ್ಥೆಯು ಹೋದರೂ ಸುದ್ದಿಯು ಉಳಿಯಿತು. ಒಂದು ರೂಪಾಯಿಯು ಬಹುಮುಂಚೆ ಕೊಂಡ ಕೆಲವರಿಗೆ ದೊರೆತ ಬೆಲೆಯೇ ಹೊರತು ಕಡೆಯಲ್ಲಿ ಓಡಿಬಂದವನ ಬೆಲೆಯಲ್ಲವೆಂಬ ಅಂಶ ಮಾತ್ರ ಜನರಿಗೆ ಮರೆತುಹೋಯಿತು.

ಪುಷ್ಪಕವಿಮಾನದಲ್ಲಿ ಎಷ್ಟು ಜನರು ಏರಿದರೂ ಮತ್ತೊಬ್ಬನಿಗೆ ಸ್ಥಳವಿರುತ್ತಿತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಗುಣವು ಈಗಿನ ವಿಮಾನಗಳಿಗೆ ಬರಲಿಲ್ಲ. ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿಗೂ ರೈಲಿನ ಸಾಮಾನ್ಯ ಡಬ್ಬಿಗೂ ಬಂದಿದೆ! ವಿನೋದಕ್ಕೆ ಹೇಳಿದೆನಾದರೂ ಇದರಲ್ಲಿ ನೀತಿಯುಂಟು. ಅವಸರ ಬಂದಾಗ ಮೊದಲು ಕೇಳತಕ್ಕ ಪ್ರಶ್ನೆ "ವಿಮಾನಕ್ಕೆ ಎಷ್ಟು?" ಎಂಬುದಲ್ಲ, "ವಿಮಾನದಿಂದ ಎಷ್ಟು ಗಂಟೆ ಉಳಿಯುತ್ತದೆ?" ಎಂಬುದು.

ಇದನ್ನು ನಮ್ಮ ಊರಿನಿಂದಲೇ ಲೆಕ್ಕಹಾಕೋಣ. ಬೆಂಗಳೂರಿನಲ್ಲಿರುವ ಮಗನು ಸಾಯಂಕಾಲ ಸುದ್ದಿಯನ್ನು ಕೇಳಿದರೆ ರಾತ್ರಿಯ ರೈಲಿನಲ್ಲಿ ಯಾದಗಿರಿಗೋ ರಾತ್ರಿಯ ಬಸ್ಸಿನಲ್ಲಿ ಶಹಾಪುರಕ್ಕೋ ಬೆಳಗಿನ ಹೊತ್ತಿಗೆ ಬಂದು ಸೇರಬಲ್ಲನು. ಮರುದಿನದ ವಿಮಾನಕ್ಕೆ ಕಾದು, ಅಲ್ಲಿಂದ ಮತ್ತೆ ಮೋಟಾರು ಹಿಡಿದರೆ ಅವನು ಮುಂಚೆ ಬರುವ ಬದಲು ತಡವಾಗಿಯೇ ಬರಬಹುದು. ದಿಲ್ಲಿಯಲ್ಲಿರುವವನ ಮಾತು ಬೇರೆ. ಅವನಿಗೆ ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆದರೂ ದಾರಿ ಮುಗಿಯದು. ವಿಮಾನದಲ್ಲಾದರೆ ಹೈದರಾಬಾದಿಗೆ ಎರಡು ಗಂಟೆಗೆ ತುಸು ಮೇಲೆ; ಶಂಷಾಬಾದಿನ ನಿಲ್ದಾಣದಿಂದ ನಮ್ಮೂರಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ಮೋಟಾರು ದಾರಿ. ಇಲ್ಲಿ ವಿಮಾನವು ನಿಜವಾಗಿಯೂ ಒಂದು ದಿನವನ್ನು ಉಳಿಸಿಕೊಡುತ್ತದೆ. ಆ ದಿನಕ್ಕೆ ಹಣ ಕೊಡುವುದು ದುಂದಲ್ಲ.

ಕಲಬುರಗಿಯ ವಿಮಾನನಿಲ್ದಾಣವು ಹತ್ತಿರವಿದೆಯಲ್ಲವೆ ಎಂದು ಕೇಳುವವರುಂಟು. ಅದು 2019ರ ನವೆಂಬರ್ 22ರಂದು ತೆರೆದ ದಿನ ನಮ್ಮ ಭಾಗದಲ್ಲಿ ಹಬ್ಬದ ಸಂತೋಷವಿದ್ದಿತು. ಕೇಂದ್ರಸರ್ಕಾರವು 2016ರ ಅಕ್ಟೋಬರಿನಲ್ಲಿ ಹೊರಡಿಸಿದ ಉಡಾನ್ ಯೋಜನೆಯಲ್ಲಿ ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಗಳೆಂದು, ವಿಮಾನದ ಅರ್ಧದಷ್ಟು ಆಸನಗಳಿಗೆ ಮಿತಿಯನ್ನು ಗೊತ್ತುಮಾಡಿದ್ದರು. ಆದರೆ ಒಂದೊಂದು ಮಾರ್ಗಕ್ಕೂ ಸರ್ಕಾರದ ಸಹಾಯಧನವು ಮೂರು ವರ್ಷಗಳದು. ಆಮೇಲೆ ವಿಮಾನವನ್ನು ನಡೆಸುವುದೂ ಬಿಡುವುದೂ ಸಂಸ್ಥೆಯ ಲಾಭನಷ್ಟಕ್ಕೆ ಸೇರಿದ ವಿಷಯ. ಆದಕಾರಣ ಕಲಬುರಗಿಯನ್ನು ನಂಬಿ ಹೊರಡುವ ಮುನ್ನ ಆ ದಿನ ಅಲ್ಲಿಗೆ ವಿಮಾನವುಂಟೋ ಇಲ್ಲವೋ ಎಂಬುದನ್ನು ವಿಚಾರಿಸಿಯೇ ಮುಂದುವರಿಯತಕ್ಕದ್ದು.

ರೈಲಿನ ತತ್ಕಾಲ್ ಟಿಕೆಟ್ಟಿನ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ರೈಲು ತನ್ನ ಮೊದಲ ನಿಲ್ದಾಣದಿಂದ ಹೊರಡುವ ಹಿಂದಿನ ದಿನ, ಹವಾನಿಯಂತ್ರಿತ ಡಬ್ಬಿಗಳಿಗೆ ಬೆಳಿಗ್ಗೆ 10 ಗಂಟೆಗೂ ಉಳಿದವುಗಳಿಗೆ 11 ಗಂಟೆಗೂ ಇದು ತೆರೆಯುತ್ತದೆ. 2025ರ ಜುಲೈಯಿಂದ ಜಾಲದ ಮೂಲಕ ಕೊಳ್ಳುವವರು ತಮ್ಮ ಖಾತೆಯನ್ನು ಆಧಾರ್‌ನೊಂದಿಗೆ ದೃಢೀಕರಿಸಿರಬೇಕೆಂಬ ನಿಯಮವು ಬಂದಿದೆ. ಈ ದೃಢೀಕರಣವನ್ನು ಬಿಡುವಿನ ದಿನದಲ್ಲಿಯೇ ಮುಗಿಸಿಟ್ಟಿರಬೇಕು. ಸಾಮಾನ್ಯ ತತ್ಕಾಲಿನ ಹೆಚ್ಚಳಕ್ಕೆ ಗರಿಷ್ಠ ಮಿತಿಯುಂಟು. ವಿಮಾನದ ಹೆಚ್ಚಳಕ್ಕೆ ಅಂಥ ಸ್ಥಿರವಾದ ಮಿತಿಯಿಲ್ಲ. ಆದರೆ ಖಚಿತವಾದ ತತ್ಕಾಲ್ ಟಿಕೆಟ್ಟನ್ನು ನಾವಾಗಿ ರದ್ದುಮಾಡಿದರೆ ಹಣವು ಹಿಂದಕ್ಕೆ ಬಾರದು.

ವಿಮಾನದಲ್ಲಿಯೇ ಹೋಗತಕ್ಕದ್ದೆಂದು ನಿಶ್ಚಯವಾದ ಮೇಲೆ, ಇದ್ದುದರಲ್ಲಿ ಕಡಮೆಯ ಬೆಲೆಯನ್ನು ಹುಡುಕುವ ಕ್ರಮ ಹೀಗೆ.

ಮೊದಲನೆಯದು, ಒಂದೇ ನಿಲ್ದಾಣವನ್ನು ನೋಡಿ ತೀರ್ಮಾನಿಸಬಾರದು. ಹೈದರಾಬಾದು, ಕಲಬುರಗಿ, ಬೆಂಗಳೂರು ಇವುಗಳೆಲ್ಲವನ್ನೂ ನೋಡಿ, ಅಲ್ಲಿಂದ ಮನೆಯವರೆಗಿನ ಮೋಟಾರು ಖರ್ಚನ್ನೂ ಕೂಡಿಸಿ, ಮೊತ್ತವನ್ನು ಹೋಲಿಸಬೇಕು. ಬೆಳಗಿನ ಜಾವದ ಮತ್ತು ನಡುರಾತ್ರಿಯ ವಿಮಾನಗಳು, ದಾರಿಯಲ್ಲಿ ಇಳಿದು ಹತ್ತುವ ವಿಮಾನಗಳು, ವಾರದ ನಡುವಿನ ದಿನಗಳ ವಿಮಾನಗಳು ಅನೇಕ ವೇಳೆ ಕಡಮೆಗೆ ದೊರೆಯುವುವು. ಅನಾನುಕೂಲವಾದ ಹೊತ್ತನ್ನು ಕೇಳುವವರು ಕಡಮೆಯಷ್ಟೆ. ಗಣಕಯಂತ್ರವು ಹಾಕಿದ ಎಣಿಕೆಯು ತಪ್ಪಿ ಆಸನಗಳು ಉಳಿದ ದಿನ ಕಡೆಯ ಗಳಿಗೆಯಲ್ಲಿಯೂ ಬೆಲೆಯು ಇಳಿಯುವುದುಂಟು. ಅಂಥದು ಸಿಕ್ಕರೆ ದೈವಕೃಪೆಯೆಂದು ತೆಗೆದುಕೊಳ್ಳಬೇಕು; ಅದನ್ನೇ ನಂಬಿ ಕಾಯಬಾರದು.

ಎರಡನೆಯದು, ಗೃಹಿಣಿಯರು ವಿಶೇಷವಾಗಿ ಗಮನಿಸತಕ್ಕದ್ದು. ನಾಲ್ವರು ಒಟ್ಟಿಗೆ ಹೋಗಬೇಕಾದಾಗ ನಾಲ್ವರಿಗೆಂದು ಒಂದೇ ಸಲ ಹುಡುಕಿದರೆ, ನಾಲ್ಕು ಆಸನಗಳು ಒಟ್ಟಿಗೆ ದೊರೆಯುವ ಮೇಲಿನ ಮೆಟ್ಟಿಲಿನ ಬೆಲೆಯನ್ನೇ ನಾಲ್ವರಿಗೂ ಹಾಕಿ ತೋರಿಸುವುದು ಸಾಮಾನ್ಯ. ಕೆಳಗಿನ ಮೆಟ್ಟಿಲಿನಲ್ಲಿ ಎರಡೇ ಉಳಿದಿದ್ದರೆ ಆ ಎರಡೂ ಕಣ್ಣಿಗೆ ಬೀಳುವುದಿಲ್ಲ. ಆದಕಾರಣ ಒಬ್ಬರಿಗೆಂದು, ಇಬ್ಬರಿಗೆಂದು ಬೇರೆ ಬೇರೆಯಾಗಿ ಹುಡುಕಿ ನೋಡಿ, ಲಾಭವಿದ್ದರೆ ಎರಡು ಸಲವಾಗಿ ಕೊಳ್ಳಬೇಕು. ಚಿಕ್ಕ ಮಕ್ಕಳನ್ನು ಮಾತ್ರ ದೊಡ್ಡವರ ಟಿಕೆಟ್ಟಿನೊಡನೆಯೇ ಇರಿಸತಕ್ಕದ್ದು.

ಮೂರನೆಯದು, ಮೊದಲು ಕಾಣುವ ಬೆಲೆಯು ಕಡೆಯ ಬೆಲೆಯಲ್ಲ. ಹಲವು ಸಂಸ್ಥೆಗಳ ದರಗಳನ್ನು ಒಟ್ಟಿಗೆ ತೋರಿಸುವ ತಾಣಗಳಲ್ಲಿ ಹೋಲಿಸಿ ನೋಡಿ, ಅನಂತರ ವಿಮಾನಸಂಸ್ಥೆಯ ಸ್ವಂತ ತಾಣದಲ್ಲಿಯೂ ವಿಚಾರಿಸಬೇಕು. ಸೇವಾಶುಲ್ಕ, ಸಾಮಾನಿನ ಶುಲ್ಕ, ಆಸನವನ್ನು ಆರಿಸುವ ಶುಲ್ಕ ಇವುಗಳೆಲ್ಲವೂ ಸೇರಿದ ಮೇಲೆ ಅಗ್ಗವಾಗಿ ಕಂಡುದು ದುಬಾರಿಯಾಗಬಹುದು. ಕೈಚೀಲ ಮಾತ್ರ ಒಯ್ಯುವವರಿಗೆಂದೇ ಇರುವ ದರವನ್ನು ಕೊಂಡು, ಊರಿಗೆಂದು ದೊಡ್ಡ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದರೆ ಉಳಿತಾಯವೆಲ್ಲವೂ ತಕ್ಕಡಿಯ ಮೇಲೆ ಕರಗುತ್ತದೆ. ಪ್ರಯಾಣಿಕನ ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಇರಬೇಕು. ಗಾಬರಿಯಲ್ಲಿ ಬರೆದ ತಪ್ಪಿಗೆ ಮತ್ತೆ ಹಣ ತೆರಬೇಕಾದೀತು.

ನಾಲ್ಕನೆಯದು, ಹೋಗುವ ಟಿಕೆಟ್ಟು ದುಬಾರಿಯಾದರೂ ಬರುವ ಟಿಕೆಟ್ಟು ದುಬಾರಿಯಾಗಬೇಕಾಗಿಲ್ಲ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಹೋಗುವುದಕ್ಕೂ ಬರುವುದಕ್ಕೂ ಸಾಮಾನ್ಯವಾಗಿ ಬೇರೆ ಬೇರೆ ಬೆಲೆಯಿರುತ್ತದೆ. ಸಾವಿನ ಮನೆಯಲ್ಲಿ ಕರ್ಮಾಂತರಗಳು ಅವರವರ ಪದ್ಧತಿಯಂತೆ ಇಂಥ ದಿನ ಮುಗಿಯುತ್ತವೆಂಬುದು ಮೊದಲ ದಿನವೇ ತಿಳಿದಿರುತ್ತದೆ. ಅಂದೇ ಹಿಂದಿರುಗುವ ಟಿಕೆಟ್ಟನ್ನು ಕೊಂಡರೆ ಹತ್ತು ಹನ್ನೆರಡು ದಿನಗಳ ಅಂತರವು ದೊರೆತು ಕೆಳಗಿನ ಮೆಟ್ಟಿಲು ಸಿಕ್ಕುವ ಸಂಭವವು ಹೆಚ್ಚು.

ಐದನೆಯದು, ಟಿಕೆಟ್ಟನ್ನು ಕೊಂಡಮೇಲೆ ಪ್ರಯಾಣವು ನಿಂತುಹೋದರೆ ಎಲ್ಲವೂ ಹೋಯಿತೆಂದು ಕೈಚೆಲ್ಲಬಾರದು. ಮೂಲದರವನ್ನು ಹಿಂದಿರುಗಿಸಲಾಗದೆಂಬ ಕರಾರಿನ ಟಿಕೆಟ್ಟಿನಲ್ಲಿಯೂ ಸರ್ಕಾರದ ತೆರಿಗೆಗಳನ್ನೂ ನಿಲ್ದಾಣದ ಶುಲ್ಕಗಳನ್ನೂ ಹಿಂದಕ್ಕೆ ಕೊಡತಕ್ಕದ್ದೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವುಂಟು. ಕೇಳಿದವರಿಗೆ ಉಂಟು, ಕೇಳದೆ ಇದ್ದವರ ಹಣವು ಅಲ್ಲಿಯೇ ಉಳಿಯಬಹುದು.

ಹಿರಿಯ ನಾಗರಿಕರಿಗೂ ವಿದ್ಯಾರ್ಥಿಗಳಿಗೂ ಸೈನಿಕರಿಗೂ ಕೆಲವು ಸಂಸ್ಥೆಗಳಲ್ಲಿ ರಿಯಾಯಿತಿಯಿದೆ. ಅದನ್ನು ಸಾಮಾನ್ಯದರದೊಡನೆ ಹೋಲಿಸಿ ಯಾವುದು ಕಡಮೆಯೋ ಅದನ್ನು ಹಿಡಿಯಬೇಕು. ಪರದೇಶದ ಕೆಲವು ಸಂಸ್ಥೆಗಳಲ್ಲಿ ಬಂಧುಮರಣದ ನಿಮಿತ್ತ ಹೊರಟವರಿಗೆ ಪ್ರತ್ಯೇಕವಾದ ದರವೇ ಉಂಟು. ಏರ್ ಕೆನಡಾ ಸಂಸ್ಥೆಯ ಒಂದು ಪ್ರಸಂಗವನ್ನು ಅಮೆರಿಕ, ಕೆನಡಗಳಲ್ಲಿ ನೆಲಸಿರುವ ಕನ್ನಡಿಗರು ತಿಳಿದಿರಬೇಕು. 2022ರಲ್ಲಿ ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕನೊಬ್ಬನಿಗೆ ಆ ಸಂಸ್ಥೆಯ ತಾಣದಲ್ಲಿದ್ದ ಯಾಂತ್ರಿಕ ಸಹಾಯಕವು, ಮೊದಲು ಪೂರ್ಣದರಕ್ಕೆ ಕೊಂಡು ಆಮೇಲೆ ರಿಯಾಯಿತಿಯನ್ನು ಕೇಳಬಹುದೆಂದು ಉತ್ತರಕೊಟ್ಟಿತು. ಸಂಸ್ಥೆಯ ನಿಜವಾದ ನಿಯಮದಂತೆ ಪ್ರಯಾಣವು ಮುಗಿದಮೇಲೆ ಕೇಳುವ ಹಾಗಿರಲಿಲ್ಲ. ವಿವಾದವು ಬ್ರಿಟಿಷ್ ಕೊಲಂಬಿಯದ ನ್ಯಾಯಮಂಡಲಿಯ ಮುಂದೆ ಹೋಗಿ, 2024ರ ಫೆಬ್ರವರಿಯಲ್ಲಿ ಪ್ರಯಾಣಿಕನ ಪರವಾಗಿ ತೀರ್ಪಾಯಿತು. ನ್ಯಾಯವು ದೊರೆಯಿತು ನಿಜ. ಆದರೆ ಒಂದು ವರ್ಷಕ್ಕೂ ಮೇಲೆ ಕಾದ ಬಳಿಕ. ಇಂಥ ದರವನ್ನು ಟಿಕೆಟ್ಟು ಕೊಳ್ಳುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದು ಇಟ್ಟುಕೊಳ್ಳತಕ್ಕದ್ದು.

ಇನ್ನು ವಂಚಕರ ವಿಷಯ. ಅವಸರದಲ್ಲಿರುವವನು ವಿಮಾನಸಂಸ್ಥೆಯ ದೂರವಾಣಿ ಸಂಖ್ಯೆಯನ್ನು ಜಾಲದಲ್ಲಿ ಹುಡುಕಿದಾಗ ಮೋಸಗಾರರ ಸಂಖ್ಯೆಯು ಮೊದಲು ಸಿಗುವುದುಂಟು. ಅರ್ಧ ಬೆಲೆಗೆ ಟಿಕೆಟ್ಟು ಕೊಡಿಸುತ್ತೇನೆ, ಮೊಬೈಲಿಗೆ ಬಂದ ಸಂಖ್ಯೆಯನ್ನು ಹೇಳು, ಈ ತಂತ್ರಾಂಶವನ್ನು ಇಳಿಸಿಕೋ ಎಂದೊಡನೆ ಮಾತನ್ನು ನಿಲ್ಲಿಸಬೇಕು. ಹಣವು ಹೋಗಿಯೇಬಿಟ್ಟರೆ ತಡಮಾಡದೆ 1930 ಎಂಬ ಸಂಖ್ಯೆಗೆ ಕರೆಮಾಡಿ ದೂರುಕೊಡತಕ್ಕದ್ದು. ದುಃಖದಲ್ಲಿರುವವನ ಜೇಬೇ ಕಳ್ಳನಿಗೆ ಸುಲಭವಾದುದು.

ಸರ್ಕಾರವು ಬೆಲೆಗೆ ಕಟ್ಟುಹಾಕಬಾರದೆ ಎಂದು ಕೆಲವರು ಕೇಳುತ್ತಾರೆ. ಆಪತ್ಕಾಲದಲ್ಲಿ ಹಾಕಿದ್ದುಂಟು. 2020ರ ಮೇ ತಿಂಗಳಿಂದ 2022ರ ಆಗಸ್ಟಿನವರೆಗೆ, ಮಹಾಮಾರಿಯ ನಿಮಿತ್ತ ದರಗಳ ಮಿತಿಯಿದ್ದಿತು. 2025ರ ಡಿಸೆಂಬರಿನಲ್ಲಿ ಇಂಡಿಗೋ ಸಂಸ್ಥೆಯ ವಿಮಾನಗಳು ದೊಡ್ಡ ಸಂಖ್ಯೆಯಲ್ಲಿ ರದ್ದಾಗಿ ಬೆಲೆಗಳು ಆಕಾಶಕ್ಕೇರಿದಾಗ, 500 ಕಿಲೋಮೀಟರಿನವರೆಗೆ 7,500 ರೂಪಾಯಿ, 1,500 ಕಿಲೋಮೀಟರಿಗೆ ಮೇಲ್ಪಟ್ಟರೆ 18,000 ರೂಪಾಯಿ ಎಂಬಂತೆ ತಾತ್ಕಾಲಿಕವಾದ ಮಿತಿಯನ್ನು ವಿಧಿಸಿದರು. ಆ ಮಿತಿಯು ಕೂಡ ಒಬ್ಬ ಕೂಲಿಕಾರನ ಹಲವು ದಿನಗಳ ದುಡಿಮೆಯೆಂಬುದನ್ನು ಮರೆಯಬಾರದು. ನಾಡಿಗೆಲ್ಲ ಬಂದ ಆಪತ್ತಿಗೆ ಸರ್ಕಾರವು ಎಚ್ಚರಗೊಳ್ಳುತ್ತದೆ. ಒಂದು ಮನೆಗೆ ಮಾತ್ರ ಬಂದ ಆಪತ್ತಿಗೆ ಆ ಮನೆಯೇ ಸಿದ್ಧವಾಗಿರಬೇಕು.

ಸಿದ್ಧತೆಯೆಂದರೇನು? ಬಾಯಾರಿದಾಗ ಬಾವಿ ತೋಡಬಾರದೆಂಬ ಗಾದೆಯು ಎಲ್ಲರ ಬಾಯಲ್ಲಿಯೂ ಉಂಟು, ತೋಡಿದ ಬಾವಿ ಮಾತ್ರ ಕೆಲವರಲ್ಲಿ. ಮಕ್ಕಳು ದೂರದಲ್ಲಿರುವ ಪ್ರತಿಯೊಂದು ಮನೆಯಲ್ಲಿಯೂ ತಿಂಗಳಿಗೆ ಇಷ್ಟೆಂದು ಬೇರೆ ಇಟ್ಟ ಹಣವಿರಬೇಕು. ಅದನ್ನು ಹಬ್ಬಕ್ಕೂ ಬಟ್ಟೆಗೂ ಮುಟ್ಟಬಾರದು. ಎರಡನೆಯದಾಗಿ, ಅಣ್ಣತಮ್ಮಂದಿರು ಅಕ್ಕತಂಗಿಯರು ಸಮಾಧಾನದ ದಿನದಲ್ಲಿಯೇ ಕುಳಿತು, ಕರೆ ಬಂದರೆ ಯಾರು ಮೊದಲು ಹೊರಡಬೇಕು, ಖರ್ಚನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ಗೊತ್ತುಮಾಡಿಕೊಂಡಿರಬೇಕು. ಹತ್ತಿರದವನು ಆರೈಕೆ ಮಾಡಿದರೆ, ದೂರದವನ ಟಿಕೆಟ್ಟಿಗೆ ಎಲ್ಲರೂ ಕೈಕೂಡಿಸಿದರೆ, ಯಾರೊಬ್ಬರೂ ಬಡ್ಡಿಗೆ ಕೈಯೊಡ್ಡಬೇಕಾಗದು.

ಮೂರನೆಯದು ಊರಿನವರಿಗೆ ಹೇಳತಕ್ಕ ಮಾತು. ಮಣ್ಣಿಗೆ ಬರಲಾಗದ ಮಗನನ್ನು ನಮ್ಮವರು ಬಾಳೆಲ್ಲ ಆಡಿಕೊಳ್ಳುತ್ತಾರೆ. ಈ ನಾಲಗೆಗೆ ಹೆದರಿಯೇ ಎಷ್ಟೋ ಬಡವರು ಕೈಮೀರಿದ ಟಿಕೆಟ್ಟನ್ನು ಸಾಲಮಾಡಿ ಕೊಳ್ಳುತ್ತಾರೆ. ಕೆಲವರು ಅಷ್ಟು ಮಾಡಿಯೂ ಮಣ್ಣು ಮುಚ್ಚಿದ ಮೇಲೆ ಬಂದು ಸೇರುತ್ತಾರೆ. ಆ ಸಾಲವನ್ನು ತೀರಿಸಲು ನಿಂದಿಸಿದವರಾರೂ ಬರುವುದಿಲ್ಲ. ಸತ್ತವರ ಮೇಲಿನ ಪ್ರೀತಿಯನ್ನು ಟಿಕೆಟ್ಟಿನ ಬೆಲೆಯಿಂದ ಅಳೆಯುವುದು ಧರ್ಮವೂ ಅಲ್ಲ, ವಿವೇಕವೂ ಅಲ್ಲ. ಬರಲಾಗದವನಿಗೆ ದೂರವಾಣಿಯಲ್ಲಿ ಮುಖವನ್ನು ತೋರಿಸಿ, ಕರ್ಮಾಂತರದ ದಿನಕ್ಕೆ ಬಾರಪ್ಪಾ ಎಂದು ಹೇಳುವ ದೊಡ್ಡತನವು ಊರಿನವರಲ್ಲಿ ಇರಬೇಕು.

ಕಟ್ಟಕಡೆಗೆ, ಈ ವಿಷಯದ ಮೂಲಕ್ಕೆ ಬರುತ್ತೇನೆ. ಟಿಕೆಟ್ಟು ಅಗ್ಗವಾಗುವುದು ಯಾವಾಗ? ಯಾವ ತುರ್ತೂ ಇಲ್ಲದಾಗ. ತುರ್ತು ಇಲ್ಲದಿರುವುದು ಯಾವಾಗ? ತಂದೆತಾಯಿಗಳು ಆರೋಗ್ಯದಿಂದ ಬಾಗಿಲಲ್ಲಿ ಕುಳಿತಿರುವಾಗ. ಎರಡು ತಿಂಗಳು ಮುಂಚಿತವಾಗಿ ದಿನವನ್ನು ನಿಶ್ಚಯಿಸಿ ಕೊಂಡರೆ, ಕಡೆಯ ದಿನದ ಒಂದು ಟಿಕೆಟ್ಟಿನ ಹಣದಲ್ಲಿ ಎರಡು ಸಲ, ಕೆಲವು ವೇಳೆ ಮೂರು ಸಲ ಊರಿಗೆ ಬಂದುಹೋಗಬಹುದು. ಮಗನ ತಟ್ಟೆಗೆ ತಾಯಿಯು ತನ್ನ ಕೈಯಾರ ಬಿಸಿರೊಟ್ಟಿಯನ್ನು ಹಾಕುವ ಸಂತೋಷಕ್ಕೆ ವಿಮಾನದವರು ಕೇಳುವುದು ಕಡಮೆಯ ಬೆಲೆ. ಅವಳ ಶವವನ್ನು ನೋಡುವುದಕ್ಕೆ ಕೇಳುವುದು ಹೆಚ್ಚಿನ ಬೆಲೆ. ಈ ವ್ಯಾಪಾರದಲ್ಲಿ ನಮಗೆ ಲಾಭವಾವುದೆಂಬುದನ್ನು ಯಾವ ಗಣಕಯಂತ್ರವೂ ಹೇಳಬೇಕಾಗಿಲ್ಲ.

ಮಣ್ಣಿಗೆ ಬಂದ ಮಗನಿಗಿಂತ ಮಾತಿಗೆ ಬಂದ ಮಗನು ಮೇಲು. ದೂರದಲ್ಲಿರುವ ಸೋದರ ಸೋದರಿಯರು ಈ ಲೇಖನವನ್ನು ಓದಿ ಮುಗಿಸಿದ ಕೂಡಲೆ ಪಂಚಾಂಗವನ್ನು ತೆಗೆದು, ಮುಂದಿನ ಹಬ್ಬಕ್ಕೋ ಜಾತ್ರೆಗೋ ಒಂದು ದಿನವನ್ನು ಗೊತ್ತುಮಾಡಿ, ಮನೆಗೆ ತಿಳಿಸಲಿ. ಅಗ್ಗದ ಟಿಕೆಟ್ಟನ್ನು ಹುಡುಕುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆಯಿಲ್ಲ. ಎಲ್ಲರ ಮನೆಗಳಲ್ಲಿಯೂ ಹಿರಿಯರು ಬಹುಕಾಲ ಸುಖವಾಗಿರಲಿ.